ನಕ್ಷತ್ರದ ಪಾಠ ಯಾರದು?

ನನಗೆ ಹೊಟ್ಟೆಕಿಚ್ಚು ಹುಟ್ಟಿನಿಂದಲೇ ಬಂದದ್ದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ. ಪಕ್ಕದ ತೋಟದ ಮರ ನಮ್ಮ ಮರಕ್ಕಿಂತ ಒಂದು ಗೊನೆ ಹೆಚ್ಚು ಬಿಟ್ಟರೆ ನನಗೆ ಆ ದಾರಿಯಲ್ಲಿ ಓಡಾಡಲು ಮನಸ್ಸಾಗುತ್ತಿರಲಿಲ್ಲ. ತಿಪಟೂರಿನ ಕಾಲೇಜಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬಿ.ಎಸ್ಸಿ. ಓದಿದವನೊಬ್ಬ ಮೈಸೂರಿಗೆ ಹೋಗಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಬಂದು ಲೆಕ್ಚರರ್ ಆದ. ನನಗೆ ಸೀಟು ಸಿಗಲಿಲ್ಲ, ಬಿ.ಎಡ್. ಮಾಡಿ ಹೈಸ್ಕೂಲು ಮೇಷ್ಟ್ರಾದೆ. ಅವನು ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ನಾನು ಬಾಳೆಹಣ್ಣಿನ ಗಾಡಿಯ ಕಡೆ ತಿರುಗಿ ನಿಂತು ಬೇಡದ ಹಣ್ಣು ಕೊಳ್ಳುತ್ತಿದ್ದೆ. ಆದರೆ ಇವೆಲ್ಲ ಸಣ್ಣಪುಟ್ಟ ಉರಿ. ದೊಡ್ಡ ಉರಿ ಯಾವುದೆಂದು ಗೊತ್ತಾದದ್ದು ನನ್ನ ಹೆಂಡತಿ ನಾನಿದ್ದ ಶಾಲೆಗೇ ವರ್ಗವಾಗಿ ಬಂದ ವರ್ಷ.

ತೊಂಬತ್ತರ ದಶಕದ ಕೊನೆಯ ಮಾತಿದು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ನಮ್ಮ ಸರ್ಕಾರಿ ಹೈಸ್ಕೂಲು. ಸುತ್ತ ತೆಂಗಿನ ತೋಟ, ಮಧ್ಯೆ ಹೆಂಚಿನ ಕಟ್ಟಡ. ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ವಿಜ್ಞಾನದ ಮೇಷ್ಟ್ರುಗಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗಣಿತ, ಭೌತಶಾಸ್ತ್ರ ಹೇಳುವವರು ಪಿಸಿಎಂ; ರಸಾಯನಶಾಸ್ತ್ರ, ಜೀವಶಾಸ್ತ್ರ ಹೇಳುವವರು ಸಿಬಿಝಡ್. ನಾನು ಪಿಸಿಎಂ. ನಮ್ಮಲ್ಲಿ ಸಿಬಿಝಡ್ ಹುದ್ದೆ ವರ್ಷಗಟ್ಟಲೆ ಖಾಲಿ ಇತ್ತು. ಹಾಗಾಗಿ ವಿಜ್ಞಾನದ ಪುಸ್ತಕ ರಟ್ಟಿನಿಂದ ರಟ್ಟಿನವರೆಗೆ ನನ್ನದೇ ಆಗಿತ್ತು. ಕಪ್ಪೆಯ ಜೀರ್ಣಾಂಗವನ್ನೂ ನಾನೇ ಹೇಳುತ್ತಿದ್ದೆ, ಸಾಬೂನು ಮಾಡುವುದನ್ನೂ ನಾನೇ ಹೇಳುತ್ತಿದ್ದೆ. ಹೇಳುತ್ತಿದ್ದೆ ಅಷ್ಟೇ, ಪ್ರೀತಿಯಿಂದಲ್ಲ.

ಪ್ರೀತಿ ಇದ್ದದ್ದು ಒಂದೇ ಪಾಠದ ಮೇಲೆ. ಹತ್ತನೇ ತರಗತಿಯ ನಕ್ಷತ್ರದ ಪಾಠ. ನಕ್ಷತ್ರದ ನಡುವಿನಲ್ಲಿ, ಮೇಲಿನ ಭಾರಕ್ಕೂ ಒಳಗಿನ ಶಾಖಕ್ಕೂ ಹೈಡ್ರೋಜನ್ನಿನ ಪರಮಾಣು ಬೀಜಗಳು ಒಂದಕ್ಕೊಂದು ಒತ್ತಿ ಕೂಡಿಕೊಂಡು ಹೀಲಿಯಂ ಆಗುತ್ತವೆ. ಹೈಡ್ರೋಜನ್ ಮುಗಿಯುತ್ತ ಬಂದಾಗ ಹೀಲಿಯಂ ಕೂಡಿಕೊಂಡು ಇಂಗಾಲ, ಆಮ್ಲಜನಕ ಆಗುತ್ತದೆ. ನಕ್ಷತ್ರ ದೊಡ್ಡದಾಗಿದ್ದರೆ ಅಲ್ಲಿಗೂ ನಿಲ್ಲದೆ ನಿಯಾನ್, ಮೆಗ್ನೀಷಿಯಂ, ಸಿಲಿಕಾನ್ ದಾಟಿ ಕಬ್ಬಿಣದವರೆಗೆ ಹೋಗುತ್ತದೆ. ಕಬ್ಬಿಣವನ್ನು ಕೂಡಿಸಿದರೆ ಶಾಖ ಹುಟ್ಟುವುದಿಲ್ಲ, ಬದಲಿಗೆ ಅದೇ ಶಾಖ ಬೇಡುತ್ತದೆ. ಅಲ್ಲಿಗೆ ಒಲೆ ಆರಿತು. ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಸಿದು ಸಿಡಿದು, ಒಳಗೆ ಬೇಯಿಸಿಟ್ಟದ್ದನ್ನೆಲ್ಲ ಆಕಾಶಕ್ಕೆ ಚೆಲ್ಲುತ್ತದೆ. ನಮ್ಮ ಮನೆ ಹಿಂದೆ ಕಾಯಿ ಸುಲಿಯಲು ನೆಟ್ಟಿರುವ ಹಾರೆಯ ಕಬ್ಬಿಣ ಕೂಡ ಹೀಗೆ ಯಾವುದೋ ನಕ್ಷತ್ರದ ಹೊಟ್ಟೆಯಿಂದ ಬಂದದ್ದು.

ಎಂ.ಎಸ್ಸಿ. ಕನಸಿನಲ್ಲಿ ನನಗೆ ಉಳಿದದ್ದು ಈ ಪಾಠ ಮಾತ್ರ. ಅದು ಬರುವ ವಾರ ನಾನು ತಿಪಟೂರಿನಿಂದ ಬಣ್ಣದ ಸೀಮೆಸುಣ್ಣ ತರುತ್ತಿದ್ದೆ, ಇಸ್ತ್ರಿ ಮಾಡಿದ ಅಂಗಿ ಹಾಕುತ್ತಿದ್ದೆ. ಬೋರ್ಡಿನ ತುಂಬ ಒಂದರೊಳಗೊಂದು ವೃತ್ತ ಬರೆದು, ಹೊರಗಿನದಕ್ಕೆ ನೀಲಿ, ಅದರೊಳಗೆ ಹಳದಿ, ಹಾಗೇ ಒಳಗೆ ಹೋಗಿ ನಟ್ಟನಡುವೆ ಕಬ್ಬಿಣಕ್ಕೆ ಕೆಂಪು ತುಂಬುತ್ತಿದ್ದೆ. ಮಕ್ಕಳು ಉಸಿರೆತ್ತದೆ ನೋಡುತ್ತಿದ್ದರು. ಒಂದು ಪ್ರಶ್ನೆ ಕೇಳಿದವರಿಲ್ಲ. ಅದನ್ನು ನಾನು ಬೆರಗು ಎಂದು ತಿಳಿದಿದ್ದೆ.

ನನ್ನ ಹೆಂಡತಿ ಆಗ ಚಿಕ್ಕನಾಯಕನಹಳ್ಳಿಯ ಆಚೆ, ಬೋರನಕಣಿವೆ ಕಡೆಯ ಒಂದು ಶಾಲೆಯಲ್ಲಿದ್ದಳು. ಗಂಡ ಹೆಂಡತಿ ಇಬ್ಬರೂ ನೌಕರರಾದರೆ ಒಂದೇ ಕಡೆ ಹಾಕಿಕೊಡುವ ವರ್ಗಾವಣೆಯಲ್ಲಿ ಆ ಜೂನ್‌ನಲ್ಲಿ ನಮ್ಮ ಶಾಲೆಯ ಖಾಲಿ ಹುದ್ದೆಗೆ ಬಂದಳು. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಮೊಪೆಡ್‌ನಲ್ಲಿ ಇಬ್ಬರೂ ಜೊತೆಯಲ್ಲಿ ಹೋಗುತ್ತಿದ್ದೆವು. ಮನೆಯಲ್ಲಿ ‘ರೀ’ ಅನ್ನುವವಳು ಶಾಲೆಯ ಗೇಟು ದಾಟಿದ ಕೂಡಲೇ ‘ಸರ್’ ಅನ್ನುತ್ತಿದ್ದಳು. ಹೆಡ್‌ಮಾಸ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪುಸ್ತಕ ಪಾಲು ಮಾಡಿದರು. ಬೆಳಕು ನನಗೆ, ವಿದ್ಯುತ್ತು ನನಗೆ. ಕಪ್ಪೆ ಅವಳಿಗೆ, ಸಾಬೂನು ಅವಳಿಗೆ. ಪೀಡೆ ಹೋಯಿತು ಎಂದುಕೊಂಡೆ. ಕೊನೆಗೆ ನಕ್ಷತ್ರ ಬಂತು.

“ಇದ್ರಲ್ಲಿ ಹೈಡ್ರೋಜನ್ನು, ಹೀಲಿಯಮ್ಮು, ಕಬ್ಬಿಣ ಅಂತ ಬರೀ ಮೂಲವಸ್ತುಗಳೇ ಅವೆಯಲ್ರೀ. ಕೆಮಿಸ್ಟ್ರಿ ಕಣ್ರೀ ಇದು. ಮೇಡಂ ಮಾಡ್ಲಿ,” ಎಂದರು ಹೆಡ್‌ಮಾಸ್ಟರ್. ಅವರು ಸ್ವತಃ ಇತಿಹಾಸದವರು.

“ಸರ್, ಅದು ಬೈಜಿಕ ಸಮ್ಮಿಲನ. ಶುದ್ಧ ಫಿಸಿಕ್ಸ್,” ಎಂದೆ.

“ಒಂದು ಪಾಠಕ್ಕೆ ಪಂಚಾಯ್ತಿ ಯಾಕ್ರೀ? ಬೇಕಾದ್ರೆ ಮನೇಲಿ ಬಗೆಹರಿಸ್ಕೊಂಡು ಬನ್ನಿ.”

ಅವಳು ಬಿಟ್ಟುಕೊಡುತ್ತಾಳೆ ಎಂದು ನಾನು ಅವಳ ಮುಖ ನೋಡಿದೆ. ಅವಳು ಮೆಲ್ಲಗೆ, “ನಂಗೂ ಆ ಪಾಠ ಇಷ್ಟ ಸರ್, ಮಾಡ್ತೀನಿ,” ಎಂದು ಹೆಡ್‌ಮಾಸ್ಟರಿಗೆ ಹೇಳಿದಳು. ನನ್ನ ಎದೆಗೆ ಯಾರೋ ಕೆಂಡ ಸುರಿದಂತಾಯಿತು. ಮನೆಗೆ ಹೋದ ಮೇಲೆ ಬಗೆಹರಿಸುವುದು ಏನೂ ಇರಲಿಲ್ಲ. ನಾನು ಮಾತೇ ಆಡಲಿಲ್ಲ.

ಇಲ್ಲಿ ನಮ್ಮ ಮನೆಯ ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ಕಾಯಿಯನ್ನು ಕೆಡವಿದ ಕೂಡಲೇ ಒಡೆಯುವುದಿಲ್ಲ. ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿ ಆಗುತ್ತದೆ. ಅವಸರಪಟ್ಟು ಒಡೆದರೆ ಕೊಬ್ಬರಿ ಕೆಟ್ಟು ಕೌಟು ವಾಸನೆ ಹಿಡಿಯುತ್ತದೆ, ಮಂಡಿಯಲ್ಲಿ ಯಾರೂ ಮೂಸುವುದಿಲ್ಲ. ಒಳಗೆ ಏನಾಗಿದೆ ಎಂದು ತಿಳಿಯಲು ಇರುವುದು ಒಂದೇ ದಾರಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು. ನಮ್ಮ ಅಟ್ಟಕ್ಕೆ ನಮ್ಮವ್ವನೇ ಒಡತಿ. ನಾನು ಒಂದು ಕಾಯಿ ಮುಟ್ಟಿದರೂ ಕೆಳಗಿನಿಂದಲೇ, “ಯಾರ್ಲಾ ಅದು?” ಎನ್ನುತ್ತಿದ್ದಳು.

ಅಂಥ ಅವ್ವ ಆ ವರ್ಷ ಸೊಸೆಯ ಜೊತೆ ಸೇರಿ ಒಂದು ಕಾಯಿಗೆ ಸುಣ್ಣದ ಬೊಟ್ಟಿಟ್ಟು ಅಟ್ಟದ ಮೂಲೆಯಲ್ಲಿ ಬೇರೆಯಾಗಿ ಇಟ್ಟಿದ್ದಳು. ಆಗಾಗ ಇಬ್ಬರೂ ಅದನ್ನು ಇಳಿಸಿ, ತಕ್ಕಡಿಯಲ್ಲಿಟ್ಟು, ಏನೋ ಮಾತಾಡಿಕೊಂಡು, ಮತ್ತೆ ಮೇಲಿಡುತ್ತಿದ್ದರು. ಅದನ್ನು ನೋಡಿ ನಾನು ಯಾವುದೋ ಹರಕೆಯ ಕಾಯಿ ಇರಬೇಕು ಎಂದುಕೊಂಡೆ. ಕೇಳುವಷ್ಟು ಮಾತು ನಮ್ಮಲ್ಲಿ ಉಳಿದಿರಲಿಲ್ಲ.

ಅವಳು ನಕ್ಷತ್ರದ ಪಾಠ ಮಾಡಿದ ದಿನ ನಾನು ಪಕ್ಕದ ಒಂಬತ್ತನೇ ತರಗತಿಯಲ್ಲಿ ಬೀಜಗಣಿತ ಹೇಳುತ್ತಿದ್ದೆ. ನಡುವಿನ ಗೋಡೆ ಹೆಂಚಿನವರೆಗೆ ಮುಟ್ಟಿರಲಿಲ್ಲ, ಆ ಕಡೆಯ ಕೆಮ್ಮು ಕೂಡ ಈ ಕಡೆ ಕೇಳುತ್ತಿತ್ತು. ಬೆಳಿಗ್ಗೆ ಮಕ್ಕಳು ಚೀಲಗಳಲ್ಲಿ ಕಾಯಿ ಹೊತ್ತು ತಂದದ್ದನ್ನು ನೋಡಿ, ಶಾಲೆಯಲ್ಲಿ ಪೂಜೆಯೇನೋ ಎಂದುಕೊಂಡಿದ್ದೆ.

“ಒಡೀದೆ ಒಳಗೇನಾಗ್ತಿದೆ ಅಂತ ಹೆಂಗೆ ತಿಳ್ಕೋತೀರಿ?” ಅವಳ ದನಿ.

“ಅಲ್ಲಾಡ್ಸ್ತೀವಿ ಮಿಸ್!” ಇಡೀ ತರಗತಿ ಕೂಗಿತು.

ಆಮೇಲೆ ಸದ್ದು. ಮೊದಲು ಹೊಸ ಕಾಯಿಗಳ ಗುಳುಗುಳು. ನಂತರ ಆರು ತಿಂಗಳ ಕಾಯಿಗಳ ಮಂಕು ಸದ್ದು. ಕೊನೆಗೆ ವರ್ಷ ತುಂಬಿದ ಕಾಯಿಗಳೊಳಗೆ ಕೊಬ್ಬರಿ ಚಿಪ್ಪಿಗೆ ಬಡಿಯುವ ಲೊಟಲೊಟ. ನನ್ನ ತರಗತಿಯ ಮಕ್ಕಳೆಲ್ಲ ಗೋಡೆಯ ಕಡೆ ತಿರುಗಿ ಬಾಯಿ ಬಿಟ್ಟುಕೊಂಡು ಕೂತಿದ್ದರು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಹುಟ್ಟಿದಾಗಿನಿಂದ ನೆತ್ತಿಯ ಮೇಲೇ ಇದ್ದ ಅಟ್ಟ ನಕ್ಷತ್ರದ ಪಾಠಕ್ಕೆ ಬಂದೀತು ಎಂದು ನನಗೆ ಒಂದು ವರ್ಷವೂ ಹೊಳೆದಿರಲಿಲ್ಲ. ನನಗೆ ತಡೆಯಲಾಗಲಿಲ್ಲ. “ಎಕ್ಸ್ ಸ್ಕ್ವೇರ್ ಪ್ಲಸ್...” ಎಂದು ಕಿರುಚಲು ಶುರುಮಾಡಿದೆ. ಗಂಟೆ ಹೊಡೆಯುವವರೆಗೂ ಕಿರುಚಿದೆ. ಆದ್ದರಿಂದ ಪಾಠದ ಮಿಕ್ಕ ಭಾಗ ನನಗೆ ಕೇಳಿಸಲೇ ಇಲ್ಲ.

ಆ ವಾರವೆಲ್ಲ ಶಾಲೆಯಲ್ಲಿ ಇದೇ ಮಾತು. ಹೆಡ್‌ಮಾಸ್ಟರ್ ಸ್ಟಾಫ್ ರೂಮಿನಲ್ಲಿ, “ನಾನೂ ಕಿಟಕೀಲಿ ನಿಂತು ಕೇಳ್ದೆ ಕಣ್ರೀ, ಮೇಡಂ ಎಷ್ಟು ಚೆಂದ ಹೇಳಿದ್ರು,” ಎಂದರು. ನನ್ನ ಬಣ್ಣದ ವೃತ್ತಗಳನ್ನು ಅವರು ಎಂದೂ ಕಿಟಕಿಯಲ್ಲಿ ನಿಂತು ನೋಡಿದವರಲ್ಲ. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಹೆಂಡತಿಯ ಹೊಗಳಿಕೆಗೆ ಗಂಡ ಹಿಗ್ಗಬೇಕು ಎಂದು ಲೋಕ ಹೇಳುತ್ತದೆ. ಲೋಕಕ್ಕೇನು, ಅದರ ಪಾಠ ಯಾರೂ ಕಿತ್ತುಕೊಂಡಿಲ್ಲ.

ಅರ್ಧವಾರ್ಷಿಕ ಪರೀಕ್ಷೆ ಬಂತು. ತಾಲ್ಲೂಕಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ. ಅದನ್ನು ಮಾಡಿದ ಪುಣ್ಯಾತ್ಮರು ಯಾರೋ ನಕ್ಷತ್ರದ ಪ್ರಶ್ನೆಯನ್ನು ಭೌತಶಾಸ್ತ್ರದ ಭಾಗಕ್ಕೆ ಹಾಕಿದ್ದರು! ಭೌತಶಾಸ್ತ್ರದ ಭಾಗ ತಿದ್ದುವವನು ನಾನು. ತಾಲ್ಲೂಕೇ ನನ್ನ ಪರ ನಿಂತಿತು ಎಂದು ಹಿಗ್ಗಿ ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಉತ್ತರ ಓದಿದೆ. ‘ನಕ್ಷತ್ರದ ಒಳಗೆ ಹೈಡ್ರೋಜನ್ ನಿಧಾನವಾಗಿ ಒಣಗಿ ಹೀಲಿಯಂ ಆಗುತ್ತದೆ. ಹೀಲಿಯಂ ಒಣಗಿ ಇಂಗಾಲ ಆಗುತ್ತದೆ. ಪೂರ್ತಿ ಒಣಗಿದಾಗ ಕಬ್ಬಿಣ ಆಗುತ್ತದೆ.’ ಎರಡನೆಯದೂ ಹಾಗೇ. ಮೂರನೆಯದರಲ್ಲಿ, ‘ನಕ್ಷತ್ರವನ್ನು ಅವಸರದಿಂದ ಒಡೆಯಬಾರದು, ಕೌಟು ಆಗುತ್ತದೆ.’

ಕುರ್ಚಿಯಲ್ಲಿ ಕೂತೇ ಕುಣಿದೆ. ಇಂಥ ತಪ್ಪು ಮಾಡಲು ಲೋಕದಲ್ಲಿ ಬೇರೆ ಯಾವ ಊರಿನ ಮಕ್ಕಳಿಗೂ ಸಾಧ್ಯವಿಲ್ಲ. ಅಂದು ಸಂಜೆ ಅಡುಗೆಮನೆಗೆ ಹೋಗಿ ಉತ್ತರಪತ್ರಿಕೆಗಳನ್ನು ಅವಳ ಮುಂದೆ ಹಿಡಿದೆ.

“ನೋಡು ನಿನ್ ಪಾಠದ ವೈಭೋಗ. ನಕ್ಷತ್ರನೆಲ್ಲ ಬಿಸಿಲಿಗೆ ಹರವಿದಾರೆ ನಿನ್ ಮಕ್ಳು.”

ಅವಳು ಕೈ ಒರೆಸಿಕೊಂಡು ಒಂದೊಂದನ್ನೇ ಓದಿದಳು. ಮುಖ ಸಣ್ಣದಾಯಿತು. ಆ ಸಣ್ಣ ಮುಖ ನೋಡಿ ನನಗೆ ಬಹಳ ದಿನಗಳ ಮೇಲೆ ಚೆನ್ನಾಗಿ ಹಸಿವಾಯಿತು.

“ಕೂಡ್ಕೊಳ್ಳೋದು ಅಂತ ಎಷ್ಟು ಸಲ ಹೇಳಿದ್ದೆ. ಕಾಯಿ ತಲೇಲಿ ಉಳ್ಕೊಂತು, ಕೂಡೋದು ಹೊಂಟೋಯ್ತು,” ಎಂದಳು. ಆಮೇಲೆ ಕೌಟು ನಕ್ಷತ್ರದ ಉತ್ತರಕ್ಕೆ ಬಂದು ತಡೆಯಲಾರದೆ ನಕ್ಕುಬಿಟ್ಟಳು. “ಆಗ್ಲಿ ಬುಡಿ. ನಿಮ್ ಕೈಯಲ್ಲಿ ಸರಿಹೋಗುತ್ತೆ. ನೀವೇ ಒಂದ್ಸಲ ಹೇಳ್ಕೊಟ್ಬುಡಿ.”

ಇಷ್ಟು ಸುಲಭಕ್ಕೆ ಕೊಟ್ಟದ್ದು ನನಗೆ ಹಿಡಿಸಲಿಲ್ಲ. ಆದರೆ ಬಿಡಲೂ ಇಲ್ಲ. ಬಣ್ಣದ ಸೀಮೆಸುಣ್ಣ ತಂದೆ, ಅಂಗಿ ಇಸ್ತ್ರಿ ಮಾಡಿಕೊಂಡೆ. ಹತ್ತನೇ ತರಗತಿಗೆ ಹೋಗಿ, “ನಕ್ಷತ್ರ ಒಣಗ್ಸಿದೋರು ಯಾರ್ರಲೇ?” ಎಂದು ಎಲ್ಲರನ್ನೂ ನಗಿಸಿ, ವೃತ್ತಗಳನ್ನು ಬರೆದು, ಪಕ್ಕದಲ್ಲಿ ಲೆಕ್ಕ ಹಾಕಿ ತೋರಿಸಿದೆ. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ. ಒಣಗುವುದಲ್ಲ, ಸೇರುವುದು. ಪುಸ್ತಕದಲ್ಲಿದ್ದ ತೂಕಗಳನ್ನೂ ಬರೆದೆ.

ಬಸ್ ನಿಲ್ಲುವ ಜಾಗದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಸಾಬರ ಮಗಳು ಮುಂದಿನ ಬೆಂಚಿನಲ್ಲಿ ಕೂತಿರುತ್ತಿದ್ದಳು. ಎದ್ದು ನಿಂತಳು.

“ಸರ್, ನಾಲ್ಕು ಸೇರಿ ಒಂದಾದ್ರೆ ತೂಕ ಅಷ್ಟೇ ಇರ್ಬೇಕಲ್ವಾ? ಬೋರ್ಡಲ್ಲಿ ಹೀಲಿಯಂ ತೂಕ ಒಂಚೂರು ಕಮ್ಮಿ ಐತೆ.”

“ಆ ಕಮ್ಮಿ ಆದದ್ದೇ ಶಕ್ತಿ ಆಗೋದು ಕಣಮ್ಮ. ಬೆಳಕು, ಶಾಖ ಎಲ್ಲ ಅದೇ.”

“ಹಂಗಾದ್ರೆ ಒಂದಷ್ಟು ಹೊರಗೆ ಹೋಯ್ತು ಅಂತ ಆಯ್ತಲ್ಲ ಸರ್, ಕಾಯಿ ನೀರು ಹೋದಂಗೆ. ಮಿಸ್ಸು ಸುಣ್ಣದ ಬೊಟ್ಟಿನ ಕಾಯಿನ ನಮ್ ಮುಂದೆ ತೂಗಿ ತೋರಿಸಿದ್ರು, ಜೂನಲ್ಲಿ ಇದ್ದಿದ್ದಕ್ಕಿಂತ ಹಗೂರ ಆಗಿತ್ತು. ನಾವು ಒಣಗುತ್ತೆ ಅಂತ ಬರ್ದಿದ್ದು ಅದಕ್ಕೇಯಾ.”

ಕಾಯಿಯಿಂದ ಹೋದ ನೀರು ನೀರಾಗಿಯೇ ಗಾಳಿಯಲ್ಲಿರುತ್ತದೆ, ನಕ್ಷತ್ರದಿಂದ ಹೋದದ್ದು ಬೆಳಕೇ ಆಗಿಬಿಡುತ್ತದೆ, ಅದೇ ವ್ಯತ್ಯಾಸ ಎಂದು ಹೇಗೋ ಹೇಳಿದೆ. ಅವಳು ಕೂರಲಿಲ್ಲ. ಕಿಟಕಿಯಾಚೆ ತೋಟದ ಮೇಲೆ ಬಿದ್ದಿದ್ದ ಬಿಸಿಲನ್ನು ನೋಡಿ ಕೇಳಿದಳು.

“ಹಂಗಾದ್ರೆ ಇದು ಸೂರ್ಯನ ತೂಕನಾ ಸರ್? ಅಲ್ಲಿ ಕಮ್ಮಿ ಆಗಿದ್ದು ಇಲ್ಲಿ ಬೀಳ್ತಾ ಐತಾ?”

ಹೌದು ಎಂದೆ. ಅಷ್ಟು ವರ್ಷ ಆ ಪಾಠ ಮಾಡಿದವನು ನಾನು, ಆ ಮಾತು ನನ್ನ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ. ನನ್ನ ತರಗತಿಯಲ್ಲಿ ಹುಟ್ಟಿದ ಮೊದಲ ಪ್ರಶ್ನೆ ಅದು. ಅದೂ ನನ್ನ ತರಗತಿಯಲ್ಲಿ ಹುಟ್ಟಿದ್ದಲ್ಲ, ನನ್ನ ಹೆಂಡತಿಯ ತರಗತಿಯಲ್ಲಿ ಮೊಳೆತು ಇಲ್ಲಿಗೆ ಬಂದದ್ದು. ಬಣ್ಣದ ವೃತ್ತಗಳನ್ನು ಒರೆಸುವಾಗ ಹೊಟ್ಟೆಯೊಳಗೆ ಹಸಿ ಮೆಣಸಿನಕಾಯಿ ಅರೆದು ಬಳಿದಂತಾಗಿತ್ತು.

ಮನೆಗೆ ಹೋಗುವಾಗ ಮೊಪೆಡ್‌ನ ಹಿಂದೆ ಕೂತು ಅವಳು ಕೇಳಿದಳು, “ಏನಂದ್ರು ಮಕ್ಳು?”

“ಏನಿಲ್ಲ.”

“ತೂಕದ್ದು ಕೇಳ್ಲಿಲ್ವಾ?”

ಮೊಪೆಡ್ ನಿಲ್ಲಿಸಿದೆ. “ನೀನೇ ಹೇಳ್ಕೊಟ್ಟು ಕಳ್ಸಿದ್ಯಾ? ನನ್ನ ಪರೀಕ್ಷೆ ಮಾಡೋಕೆ?”

ಅವಳು ಇಳಿದಳು. ಎರಡೂ ಕಡೆ ತೋಟ, ರಸ್ತೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಸಿಟ್ಟಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅಂದೇ ಮೊದಲು.

“ನನ್ನ ನೋಡೋಕೆ ಬಂದ ದಿನ ನೆನಪೈತಾ ನಿಮ್ಗೆ? ಉಪ್ಪಿಟ್ಟು ಆರೋವರ್ಗೂ ನಕ್ಷತ್ರದೊಳಗೆ ಕಬ್ಬಿಣ ಹೆಂಗಾಗುತ್ತೆ ಅಂತ ಹೇಳ್ತಾ ಕೂತಿದ್ರಿ. ನಮ್ಮಪ್ಪ ಒಳಗೆ ಬಂದು, ಹುಡ್ಗಂಗೆ ತಲೆ ಸರಿ ಐತೇನವ್ವ ಅಂದ್ರು. ನಾನೇ ಒಪ್ಪಿದ್ದು. ಅವತ್ತು ನಂಗೆ ಅರ್ಧ ಅರ್ಥ ಆಗಿತ್ತು. ತೂಕ ಎಲ್ಲಿಗೆ ಹೋಗುತ್ತೆ ಅಂತ ಕೇಳ್ಬೇಕು ಅಂತಿದ್ದೆ, ಹಿರೀಕರು ಕರೆದ್ಬುಟ್ರು. ಆಮೇಲೆ ನೀವು ಯಾವತ್ತೂ ನನ್ ಹತ್ರ ಆ ಮಾತು ಎತ್ಲಿಲ್ಲ. ಅದಕ್ಕೇ ಆ ಪಾಠ ಬಿಟ್ಕೊಡ್ದೆ ತಗೊಂಡೆ.”

ಇಷ್ಟು ಹೇಳಿ ಚೀಲ ಹೆಗಲಿಗೇರಿಸಿಕೊಂಡು ನಡೆದೇಬಿಟ್ಟಳು. ನಾನು ಮೊಪೆಡ್ ತಳ್ಳಿಕೊಂಡು ಹಿಂದೆ ಹಿಂದೆ ಹೋದೆ. ಉಪ್ಪಿಟ್ಟು ನೆನಪಿತ್ತು. ನಕ್ಷತ್ರದ ಮಾತು ಆಡಿದ್ದು ನನಗೆ ಒಂಚೂರೂ ನೆನಪಿರಲಿಲ್ಲ. ನನ್ನ ಮಾತನ್ನು ನನಗಿಂತ ಚೆನ್ನಾಗಿ ಅವಳು ಇಟ್ಟುಕೊಂಡಿದ್ದಳು, ಅದಕ್ಕೂ ಹೊಟ್ಟೆಕಿಚ್ಚಾಯಿತು. ಜೊತೆಗೆ ಇನ್ನೊಂದೂ ಆಯಿತು, ಅದಕ್ಕೆ ನನ್ನ ಹತ್ತಿರ ಹೆಸರಿಲ್ಲ. ಮನೆಗೆ ಬಂದಾಗ ಅವ್ವ ಇಬ್ಬರ ಮುಖವನ್ನೂ ನೋಡಿ ನನಗೊಬ್ಬನಿಗೇ ಅಂದಳು, “ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕಾಲು ತೊಳ್ಕಂಡು ಊಟಕ್ಕೆ ಬಾರ್ಲಾ.”

ಮುಂದಿನ ಜೂನ್‌ನಲ್ಲಿ ಪುಸ್ತಕ ಪಾಲು ಮಾಡುವಾಗ ಅವಳೇ ಹೆಡ್‌ಮಾಸ್ಟರಿಗೆ ಹೇಳಿದಳು, ನಕ್ಷತ್ರ ಸರ್‌ಗೆ ಇರಲಿ ಎಂದು. ನಾನು ಬೇಡ ಅನ್ನಲಿಲ್ಲ. ಹೇಗೆ ಅನ್ನಲಿ?

ಪಾಠದ ದಿನ ಬೆಳಿಗ್ಗೆ ಅಟ್ಟ ಹತ್ತಿದೆ. “ಯಾರ್ಲಾ ಅದು?” ಎಂದಳು ಅವ್ವ. “ನಾನೇ ಕಣವ್ವ, ಸುಣ್ಣದ ಬೊಟ್ಟಿಂದು,” ಎಂದೆ. ಅವ್ವ ಸುಮ್ಮನಾದಳು. ಅಲ್ಲಾಡಿಸಿದೆ. ವರ್ಷ ಕಳೆದಿತ್ತು, ಒಳಗೆ ಕೊಬ್ಬರಿ ಲೊಟಲೊಟ ಎಂದಿತು. ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಬಣ್ಣದ ಸೀಮೆಸುಣ್ಣವನ್ನೂ ತಂದಿದ್ದೆ, ಅದನ್ನು ಮಾತ್ರ ನಾನು ಬಿಟ್ಟುಕೊಡುವವನಲ್ಲ. ಪಕ್ಕದ ಕೊಠಡಿಯಲ್ಲಿ ಅವಳು ಎಂಟನೇ ತರಗತಿಗೆ ಎಲೆಯ ಭಾಗಗಳನ್ನು ಹೇಳುತ್ತಿದ್ದಳು.

ನಾನು ಕಾಯಿಯನ್ನು ಮೇಜಿನ ಮೇಲಿಟ್ಟೆನೋ ಇಲ್ಲವೋ, ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ, “ಸರ್, ಇವತ್ತು ಮಿಸ್ ಪಾಠನಾ? ನಮ್ಮಕ್ಕ ಎಲ್ಲ ಹೇಳವ್ಳೆ!”

ಅಕ್ಕಂದಿರು, ಅಣ್ಣಂದಿರು ಮನೆಮನೆಯಲ್ಲಿ ಹೇಳಿಬಿಟ್ಟಿದ್ದರು. ಇಡೀ ತರಗತಿ ನನ್ನನ್ನೇ ನೋಡುತ್ತಿತ್ತು. ಗೋಡೆಯಾಚೆ ಎಲೆಯ ಪಾಠ ನಿಂತಿತ್ತು. ಅವಳ ಸೀಮೆಸುಣ್ಣದ ಸದ್ದೂ ಇರಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಹೊಟ್ಟೆ ಎಂದಿನಂತೆಯೇ ಉರಿಯುತ್ತಿತ್ತು.

“ಹೂಂ ಕಣ್ರಪ್ಪ,” ಎಂದೆ, ಗೋಡೆಯಾಚೆಗೂ ಕೇಳುವಷ್ಟು ಜೋರಾಗಿ. “ಮಿಸ್ ಪಾಠವೇ.”